ಗೌರಿ ಹೂವಿನ ಜ್ವರ

ಸುಡುವ ಬಿಸಿಲಲ್ಲಿ ಗೌರಿ ಹೂ ನಿಲ್ಲಿಸುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ. ಅವರ ಬಾಯಲ್ಲಿ ಅದು ಒಂದೇ ಪದ: "ಆಗಾಕಿಲ್ಲ." ಇವತ್ತು ಮಧ್ಯಾಹ್ನ ಆ ಪದ ಮತ್ತೆ ಕಿವಿಗೆ ಬಿತ್ತು. ಆಡಿದವರು ಮಾತ್ರ ಬೇರೆ. ನಮ್ಮ ಮೆಟ್ಟಿಲ ಮೇಲೆ ಸಾಲಾಗಿಟ್ಟ ಕುಂಡಗಳಲ್ಲಿ ಹೋದ ವಾರವಷ್ಟೇ ನೆಟ್ಟ ಗೌರಿ ಗಿಡಗಳು ಬಿಸಿಲಿಗೆ ಜೋತುಬಿದ್ದಿದ್ದವು. ಎದುರು ಮನೆಗೆ ಹೊಸದಾಗಿ ಬಂದ ಸೊಸೆ ಅದನ್ನು ಕಂಡು ಚೊಂಬಿನಲ್ಲಿ ನೀರು ಹಿಡಿದು ಓಡಿಬಂದಳು. "ಆಂಟಿ, ಇವು ಹೋದ್ವು. ಇನ್ನು ಆಗಲ್ಲ ಅನ್ಸುತ್ತೆ." ನಾನು ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿಬಿಟ್ಟೆ. ಸ್ವಲ್ಪ ಜೋರಾಗೇ ಹಿಡಿದಿರಬೇಕು, ಪಾಪ, ಹುಡುಗಿ ಹೆದರಿದಳು. ಬಾಡಿದ ಗಿಡದ ಮುಂದೆ ಯಾರಾದರೂ ನೀರು ತಂದರೆ ತಡೆಯಲು ನನ್ನ ಕೈ ಇವತ್ತಿಗೂ ತಾನಾಗಿ ಮುಂದೆ ಹೋಗುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಗೌರಿ ಹೂವನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಬೈರಮಂಗಲದ ಕಡೆ ಅದು ಬಚ್ಚಲ ನೀರು ಹರಿಯುವ ಜಾಗದಲ್ಲಿ, ಗೋಡೆಯ ನೆರಳಲ್ಲಿ, ಯಾರೂ ಕೇಳದೆ ಹುಟ್ಟುವ ಗಿಡ. ಕಾಂಡವೆಂದರೆ ನೀರು ತುಂಬಿದ ಸೌತೆಕಾಯಿ. ಬಲಿತ ಕಾಯನ್ನು ಮುಟ್ಟಿದರೆ ಪಟ್ಟನೆ ಸಿಡಿದು ಬೀಜ ಮುಖಕ್ಕೆ ಹಾರುತ್ತದೆ. ಚಿಕ್ಕಂದಿನಲ್ಲಿ ನನ್ನ ಸಿಟ್ಟಿಗೂ ದೊಡ್ಡಪ್ಪ ಅದರ ಹೆಸರನ್ನೇ ಇಟ್ಟಿದ್ದರು. "ಗೌರಿ ಕಾಯಿ ಕಣವ್ವ ನಮ್ಮುಡ್ಗಿ. ಮುಟ್ಟುದ್ರೆ ಸಿಡೀತಾಳೆ." ಸುಳ್ಳೇನಲ್ಲ. ಈಗಲೂ ಸಿಡಿಯುತ್ತೇನೆ. ವಯಸ್ಸಾದ್ದರಿಂದ ಬೀಜ ಅಷ್ಟು ದೂರ ಹೋಗುವುದಿಲ್ಲ, ಅಷ್ಟೆ.

ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ನನ್ನನ್ನೂ ಅವ್ವನನ್ನೂ ನೋಡಿಕೊಂಡವರು ಅಪ್ಪನ ಅಣ್ಣ, ಈ ದೊಡ್ಡಪ್ಪ. ಅವರಿಗೆ ಒಬ್ಬನೇ ಮಗ, ನನಗಿಂತ ದೊಡ್ಡವನು, ಸೋಮಣ್ಣ. ನಮ್ಮದು ರೇಷ್ಮೆ ಹುಳ ಮೇಯಿಸುವ ಮನೆ. ಹುಳದ ಮನೆಯಲ್ಲಿ ಹುಟ್ಟಿದವರಿಗೆ ಜ್ವರವೆಂದರೆ ಕಾಯಿಲೆಯಲ್ಲ. ಹುಳ ಇದ್ದಕ್ಕಿದ್ದಂತೆ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಕಲ್ಲಿನ ಹಾಗೆ ಕೂತುಬಿಡುತ್ತದೆ. ಅದು ಜ್ವರ. ಒಳಗೊಳಗೇ ಚರ್ಮ ಬಿಡಿಸಿಕೊಳ್ಳುತ್ತಿರುತ್ತದೆ. ಆಗ ಅದರ ಮೇಲೆ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಅಯ್ಯೋ ಪಾಪ ಎನ್ನಬಾರದು. ತಾನಾಗಿ ಏಳಬೇಕು. ಹೀಗೆ ನಾಲ್ಕು ಜ್ವರ. ನಾಲ್ಕನೆಯದು ಎದ್ದ ಮೇಲೆ ಹುಳಕ್ಕೆ ಬರುವ ಹಸಿವಿದೆಯಲ್ಲ, ಆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಹೊಯ್ದಂತಿರುತ್ತದೆ. ಹೊಲವನ್ನೇ ಕಿತ್ತು ತಂದು ಸುರಿದರೂ ಸಾಲದು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಗ್ಗೆ ಹುಳಕ್ಕೆ ಸೊಪ್ಪು ಕೊಯ್ದು ಹಾಕಿ, ಕೈಯ ಹಸಿರು ಕರೆ ಹೋಗದೆಯೇ ರಾಮನಗರದ ಬಸ್ಸು ಹಿಡಿದು ಓದಿದವಳು ನಾನು. ಕಾಲೇಜಿಗೆ ಸೇರುವಾಗಲೂ ದೊಡ್ಡಪ್ಪ "ಆಗಾಕಿಲ್ಲ" ಎಂದಿದ್ದರು. ಹಾಗಂದವರೇ ಸಾಯಂಕಾಲ ತಾವೇ ಬಸ್ ಪಾಸು ಮಾಡಿಸಿಕೊಂಡು ಬಂದರು. ಅವರ "ಆಗಾಕಿಲ್ಲ"ಕ್ಕೆ ಎಷ್ಟೋ ಅರ್ಥ ಇದ್ದವು. ಕೆಲವು ನನಗೆ ತಡವಾಗಿ ತಿಳಿದವು. ಡಿಗ್ರಿ ಕಾಗದವನ್ನು ಆಫೀಸಿನ ಕಿಟಕಿಯಿಂದ ಗುಮಾಸ್ತರು ತಲೆ ಎತ್ತದೆ ನೂಕಿದರು. ಚಪ್ಪಾಳೆ ಇರಲಿ, "ತಗೊಳ್ಳಮ್ಮ" ಎಂದೂ ಅನ್ನಲಿಲ್ಲ.

ಅಷ್ಟರಲ್ಲಿ ಬಿಡದಿಯಿಂದ ನಮ್ಮ ಕಡೆಗೆ ಕಾರ್ಖಾನೆಗಳು ಒಂದರ ಹಿಂದೊಂದು ಬರುತ್ತಿದ್ದವು. ನಮ್ಮ ಅರ್ಧ ಸೊಪ್ಪಿನ ಹೊಲ ಒಂದು ಕಾರ್ಖಾನೆಗೆ ಹೋಯಿತು. ಜಮೀನು ಕೊಟ್ಟ ಮನೆಗೆ ಒಂದು ಕೆಲಸ ಎಂದರು. ಒಂದು ಮನೆ, ಒಂದು ಕೆಲಸ. ನಮ್ಮ ಮನೆಯಲ್ಲಿ ಅದಕ್ಕೆ ಕಾದು ಕೂತವರು ಇಬ್ಬರು: ಪಿಯುಸಿ ಫೇಲಾಗಿದ್ದ ಸೋಮಣ್ಣ ಮತ್ತು ಸಸ್ಯಶಾಸ್ತ್ರ ಓದಿದ್ದ ನಾನು. ಜಮೀನಿನ ಪತ್ರವಿದ್ದದ್ದು ದೊಡ್ಡಪ್ಪನ ಹೆಸರಿನಲ್ಲಿ. ಊಟಕ್ಕೆ ಕೂತಾಗ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಮುದ್ದೆ ಮುರಿಯುವ ಕೈಗಳು ಮಾತ್ರ ಎಂದಿಗಿಂತ ನಿಧಾನವಾಗಿದ್ದವು. ಕೊನೆಗೆ ಕಾರ್ಖಾನೆಯ ಮ್ಯಾನೇಜರೇ ತೀರ್ಮಾನ ಹೇಳಿದರು. ಅವರು ಉತ್ತರದ ಕಡೆಯವರು, ಕನ್ನಡ ಅರ್ಧಂಬರ್ಧ. ತೋಟದ ಮೇಲ್ವಿಚಾರಣೆಗೆ ನನ್ನನ್ನು ತರಬೇತಿಗೆ ತೆಗೆದುಕೊಳ್ಳುವುದು, ಗೇಟಿನ ಎದುರಿನ ಹೂವಿನ ಪಾತಿ ನನ್ನ ಪರೀಕ್ಷೆ. ಹೆಡ್ ಆಫೀಸಿನವರು ಬಂದು ನೋಡುವ ದಿನ ಆ ಪಾತಿ ತುಂಬ ಹೂವಿದ್ದರೆ ಕೆಲಸ ಖಾಯಂ. ಇಲ್ಲದಿದ್ದರೆ ನಾನು ಮನೆಗೆ, ಸೋಮಣ್ಣ ಸೆಕ್ಯೂರಿಟಿಗೆ.

ಆ ಪಾತಿಯೋ, ದೇವರೇ! ಒಂದು ಕಡೆ ಡಾಂಬರು, ಇನ್ನೊಂದು ಕಡೆ ಬಿಳಿ ಗೋಡೆ. ನಡುವೆ ನೆಟ್ಟದ್ದೆಲ್ಲ ಬೆಂದು ಹೋಗುತ್ತಿತ್ತು. ಮ್ಯಾನೇಜರು ಬೆಂಗಳೂರಿನ ನರ್ಸರಿಯಿಂದ ಹೊಸ ತಳಿಯೊಂದನ್ನು ತರಿಸಿದ್ದರು. ಗೌರಿ ಹೂವಿನ ಜಾತಿಯದೇ, ಆದರೆ ದಪ್ಪ ಎಲೆ, ಅಂಗೈಯಗಲದ ಹೂ, ಬಿಸಿಲು ತಡೆಯುತ್ತದಂತೆ. ಶಿವರಾತ್ರಿ ಕಳೆದ ಬಿಸಿಲಲ್ಲಿ ಅದನ್ನು ನೆಡಬೇಕು. ಒಂದು ಸಸಿಯನ್ನು ಮನೆಗೆ ತಂದು ತೋರಿಸಿದೆ. ದೊಡ್ಡಪ್ಪ ಕಾಂಡ ಹಿಸುಕಿ ನೋಡಿದರು.

"ಬಚ್ಚಲ ಮಗ್ಗುಲು ಗಿಡ ಇದು. ಇದ ತಗಂಡೋಗಿ ಕಾದ ಹೆಂಚಿನ ಮೇಲೆ ಮಡಗ್ತೀಯಾ? ಆಗಾಕಿಲ್ಲ ಬುಡು."

"ನೀವು ಆಗಾಕಿಲ್ಲ ಅಂದಿದ್ದೆಲ್ಲ ಆಗೈತೆ ದೊಡ್ಡಪ್ಪ."

"ಹಂಗಾದ್ರೆ ಇನ್ನೊಂದು ಕಿತ ಅಂತೀನಿ. ಆಗಾಕಿಲ್ಲ."

ಪಕ್ಕದಲ್ಲೇ ಕೂತಿದ್ದ ಸೋಮಣ್ಣ ನಕ್ಕ. ಅವನೂ ಅಲ್ಲೇ ತೋಟದಲ್ಲಿ ದಿನಗೂಲಿಗೆ ನೀರು ಹಾಯಿಸುತ್ತಿದ್ದ. "ನೀನು ಬೀಳೋಗಂಟ ಪೈಪು ಹಿಡ್ಕಂಡು ನಿಂತಿರ್ತೀನಿ ಕಣಮ್ಮಿ. ಬಿದ್ದೇಟ್ಗೆ ಸೆಕ್ಯೂರಿಟಿ ಟೋಪಿ ಹಾಕ್ಕತೀನಿ" ಎಂದ. ತಮಾಷೆಯೇ. ಆದರೆ ಅವ್ವ ತಟ್ಟನೆ ಎದ್ದು ಒಳಗೆ ಹೋದಳು.

ನೆಟ್ಟ ಮೊದಲ ವಾರವೇ ಗಿಡಗಳು ನಡು ಮಧ್ಯಾಹ್ನಕ್ಕೆ ತಲೆ ಬಗ್ಗಿಸಿದವು. ನಾನು ಹೌಹಾರಿ ಬಾಡಿದಾಗಲೆಲ್ಲ ನೀರು ಹುಯ್ದೆ. ಒಂದು ಸಾಲಿಗೆ ಸಾಲೇ ಬುಡದಲ್ಲಿ ಕೊಳೆತು ಮಲಗಿತು. ಸಸ್ಯಶಾಸ್ತ್ರದ ಪದವೀಧರೆ! "ಏನಮ್ಮಿ, ನಿನ್ನ ಡಿಗ್ರಿ ನೀರು ಜಾಸ್ತಿಯಾಗಿ ಕೊಳೀತಾ ಐತಲ್ಲ" ಎಂದ ಸೋಮಣ್ಣ. ಮಲಗಿದ ಒಂದು ಗಿಡವನ್ನು ಕಿತ್ತು ತಿರುವಿದೆ. ಕೊಳೆತ ಬೇರು ನೋಡಿದ ಮೇಲೆ ಪುಸ್ತಕದ ಪಾಠ ನೆನಪಾಯಿತು. ಎಲೆ ಉಸಿರಾಡಿ ಕಳೆಯುವ ನೀರನ್ನು ಎಳೆಯ ಬೇರು ಅದೇ ವೇಗದಲ್ಲಿ ತರಲಾರದು, ಅದಕ್ಕೇ ಬಾಡುವುದು. ಮಣ್ಣು ತೇವವಿದ್ದರೆ ಸಂಜೆಗೆ ತಾನೇ ಏಳುತ್ತದೆ. ಅದನ್ನೇ ಹುಳದ ಮನೆಯ ಭಾಷೆಯಲ್ಲಿ ನನಗೆ ನಾನೇ ಹೇಳಿಕೊಂಡೆ: ಜ್ವರ. ಇವು ಜ್ವರಕ್ಕೆ ಕೂತಿವೆ.

ಉಳಿದ ಸಸಿಗಳಿಗೆ ಬೇರು ಬಿಡುವ ತನಕ ಮರೆ ಬೇಕಿತ್ತು. ನಮ್ಮ ಅಟ್ಟದ ಮೇಲೆ ಚಂದ್ರಿಕೆಗಳಿದ್ದವು. ಹಣ್ಣಾದ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ದೊಡ್ಡ ತಟ್ಟಿಗಳು. ಅರ್ಧ ಹೊಲ ಹೋದ ಮೇಲೆ ಹುಳವೂ ಅರ್ಧವಾಗಿ, ಕೆಲವು ಚಂದ್ರಿಕೆ ಧೂಳು ತಿನ್ನುತ್ತಿದ್ದವು. ದೊಡ್ಡಪ್ಪ ಕೊಡುವುದಿಲ್ಲ ಎನ್ನಲಿಲ್ಲ. "ಗೂಡು ಕಟ್ಟೋ ಚಂದ್ರಿಕೆ ಅವು, ಹೂವಿಗೆ ಕೊಡೆ ಹಿಡಿಯಾಕಲ್ಲ" ಎಂದು ಗೊಣಗುತ್ತಲೇ ಗಾಡಿಗೆ ಹೇರಿಕೊಟ್ಟರು. ಅವನ್ನು ಪಾತಿಯ ಮೇಲೆ ಓರೆಯಾಗಿ ನಿಲ್ಲಿಸಿ, ದಿನಕ್ಕೊಸಿ ಸರಿಸುತ್ತ, ಬಿಸಿಲನ್ನು ತುತ್ತು ತುತ್ತಾಗಿ ಕೊಟ್ಟೆ. ಗಿಡ ಬಲಿತವು. ಪಾತಿ ಹೂ ಬಿಟ್ಟು ಕೆಂಪಾಯಿತು.

ಆದರೆ ಹೆಡ್ ಆಫೀಸಿನವರು ಹೇಳಿದ ದಿನಕ್ಕಿಂತ ಮೊದಲೇ ನಮ್ಮಲ್ಲಿಗೆ ಹೊರಟುಬಿಟ್ಟರು. ಅಂದು ಬೆಳಗ್ಗೆ ಮ್ಯಾನೇಜರು ಬಂದವರೇ ಚಂದ್ರಿಕೆ ನೋಡಿ ಮುಖ ಸಿಂಡರಿಸಿ, "ಇದೇನು ಗೇಟ್ ಮುಂದೆ ಚಾಪೆ? ತೆಗೀರಿ, ಎಲ್ಲಾ ತೆಗೀರಿ" ಎಂದರು. ಇನ್ನೊಂದು ವಾರ ಬೇಕು ಎಂದೆ. ಕೇಳಲಿಲ್ಲ. ಒಮ್ಮೆಗೇ ತೆಗೆಸಿದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಇಡೀ ಪಾತಿ ಸೀರೆ ಜಾರಿದ ಹಾಗೆ ಮಣ್ಣಿಗೆ ಒರಗಿತು.

ಮ್ಯಾನೇಜರು ಓಡಿಬಂದರು. "ಮೇಡಂ! ಎಲ್ಲಾ ಸತ್ತು ಹೋಯ್ತು! ಪಾನಿ ಹಾಕಿ, ಪಾನಿ!"

ನಾನು ಮಂಡಿಯೂರಿ ಮಣ್ಣಿಗೆ ಬೆರಳಿಟ್ಟೆ. ಬೆಳಗಿನ ನೀರು ಹಾಗೇ ಇತ್ತು, ತಣ್ಣಗೆ. ಇನ್ನು ಒಂದು ಕೊಡ ಬಿದ್ದರೂ ಬೇರು ಕೊಳೆಯುತ್ತದೆ. ಬದಲಿಗೆ ನೆಡಲು ಒಂದು ಸಸಿಯೂ ಉಳಿದಿರಲಿಲ್ಲ.

"ನೀರು ಬೇಡ ಸಾರ್. ಜ್ವರ."

"ಜ್ವರ? ನಿಮಗೆ? ಹಾಗಾದ್ರೆ ಮನೆಗೆ ಹೋಗಿ!"

"ನನಗಲ್ಲ ಸಾರ್, ಗಿಡಕ್ಕೆ."

ಅವರು ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ನನ್ನನ್ನು ಬಿಟ್ಟು ಸೋಮಣ್ಣನ ಕಡೆ ತಿರುಗಿದರು. "ಏಯ್, ನೀನು ಹಾಕು!"

ಸೋಮಣ್ಣ ಪೈಪಿನ ಬಾಯನ್ನು ಪಾತಿಗೆ ತಿರುಗಿಸಿದ. ಒಂದು ಗಳಿಗೆ ನನ್ನ ಮುಖ ನೋಡಿದ. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ, ಹೇಳಿದ ಕೆಲಸ ಮಾಡಿದರೆ ಸಾಕು. ಟೋಪಿ ತಲೆಗೆ ಬರುತ್ತಿತ್ತು. ಪೈಪು ಕೆಳಗಿಟ್ಟು ಗೋಡೆಯ ಹಿಂದಿನ ವಾಲ್ವಿನ ಕಡೆ ಹೋದ. ನಾನು ಕಣ್ಣು ಮುಚ್ಚಿಕೊಂಡೆ. ವಾಪಸು ಬಂದು ಪೈಪು ಎತ್ತಿ ಕೊಡವಿದ. ಅದರ ಬಾಯಿಂದ ಎರಡು ಹನಿ ತೊಟ್ಟಿಕ್ಕಿತು.

"ನೀರೇ ಬತ್ತಾ ಇಲ್ಲ ಸಾರ್. ಮೋಟ್ರು ಕೆಟ್ಟೋಗೈತೆ."

ಗೋಡೆಯ ಆಚೆ ಮೋಟ್ರು ಗುಂಯ್ ಎನ್ನುತ್ತಿತ್ತು. ನಮ್ಮಿಬ್ಬರಿಗೂ ಕೇಳುತ್ತಿತ್ತು. ಮ್ಯಾನೇಜರಿಗೂ ಕೇಳಿರಬೇಕು, ಆದರೆ ಅದು ಯಾವುದರ ಸದ್ದೆಂದು ಗೊತ್ತಾಗಲಿಲ್ಲ. ಅವರು ಪ್ಲಂಬರಿಗಾಗಿ ಫೋನು ಹಿಡಿದು ಒಳಗೆ ಓಡಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತೆವು. ಪ್ಲಂಬರು ಮೊದಲು ಬರುತ್ತಾನೋ, ಕಾರು ಮೊದಲು ಬರುತ್ತದೋ, ನೆರಳು ಮೊದಲು ಬರುತ್ತದೋ? ಬಂದದ್ದು ನೆರಳು. ಹೆಡ್ ಆಫೀಸಿನ ದೊಡ್ಡವರೆಲ್ಲ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕಾರು ನಿಲ್ಲಿಸಿದ್ದರಂತೆ. ಆ ಇಡ್ಲಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಗೋಡೆಯಾಚೆ ಎತ್ತರದಲ್ಲಿದ್ದ ನೀರಿನ ಟ್ಯಾಂಕಿನ ನೆರಳು ಪಾತಿಯ ಮೇಲೆ ಸರಿಯುತ್ತಿದ್ದಂತೆ ಮೊದಲು ಅಂಚಿನ ಒಂದು ಗಿಡ, ಆಮೇಲೆ ಅದರ ಪಕ್ಕದ್ದು, ಜ್ವರ ಎದ್ದ ಹುಳದಂತೆ ಮೆಲ್ಲಗೆ ತಲೆ ಅಲುಗಿಸಿದವು. ಕಾರು ಗೇಟಿಗೆ ಬರುವಾಗ ಪಾತಿ ತುಂಬ ಹೂ ನಿಂತಿತ್ತು. ಇಳಿದವರೊಬ್ಬರು ನೋಡಿ "ನೈಸ್" ಎಂದು ಒಳಗೆ ಹೋದರು. ಆ ಒಂದು "ನೈಸ್" ಮೇಲೆ ನನ್ನ ಬದುಕು ನಿಂತಿತ್ತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಸಂಜೆ ಊರ ದಾರಿಯಲ್ಲಿ ಕೇಳಿದೆ. "ಯಾಕಣ್ಣ ಹಂಗ್ಮಾಡ್ದೆ?"

ಸೋಮಣ್ಣ ಸೈಕಲ್ ತಳ್ಳುತ್ತ ಮುಂದೆ ನೋಡಿಕೊಂಡೇ ಹೇಳಿದ. "ಜ್ವರಕ್ಕೆ ಕುಂತಿರೋ ಹುಳದ ಮೇಲೆ ಸೊಪ್ಪು ಎಸೆಯೋನು ನಮ್ಮನೇಲಿ ಹುಟ್ಟಿಲ್ಲ ಕಣಮ್ಮಿ. ನಡಿ, ಹೊತ್ತಾಯ್ತು."

ಇಂದು ಸಂಜೆ ಎದುರು ಮನೆಯ ಹುಡುಗಿ ಮತ್ತೆ ಬಂದಳು. ಮೆಟ್ಟಿಲ ಮೇಲಿನ ಗಿಡಗಳು ಏನೂ ಆಗದವರ ಹಾಗೆ ನೆಟ್ಟಗೆ ನಿಂತಿದ್ದವು. "ಇದನ್ನ ಎಲ್ಲಿ ಕಲಿತ್ರಿ ಆಂಟಿ?" ಎಂದಳು. ಯಾರು ಕೇಳಿದರೂ ಇಷ್ಟು ವರ್ಷ ನಾನು ಎದೆಯುಬ್ಬಿಸಿ "ಕಾಲೇಜಲ್ಲಿ" ಎನ್ನುತ್ತಿದ್ದೆ. ಇವತ್ತು ಬಾಯಿಗೆ ಬಂದದ್ದು "ಹುಳದ ಮನೇಲಿ". ಅವಳಿಗೆ ಅರ್ಥವಾಗಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟೆ. ಗೋಡೆಯ ಮೇಲೆ ಡಿಗ್ರಿ ಕಾಗದದ ಪಕ್ಕ ತೂಗುಹಾಕಿರುವ ಇನ್ನೊಂದನ್ನು ತೋರಿಸಿದೆ.

ಅದು ತರಬೇತಿ ಮುಗಿಸಿದ ಪ್ರಮಾಣಪತ್ರ. ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ, ಜಮೀನು ಕೊಟ್ಟವರನ್ನೆಲ್ಲ ಶಾಮಿಯಾನದ ಮುಂದಿನ ಸಾಲಿನಲ್ಲಿ ಕೂರಿಸಿ, ನನ್ನ ಹೆಸರು ಮೈಕಿನಲ್ಲಿ ಕರೆದು ಕೊಟ್ಟರು. ಶಾಮಿಯಾನ ಹಾಕಿದ್ದು ಒಂದು ಕಾಲದ ನಮ್ಮ ಸೊಪ್ಪಿನ ಹೊಲದ ಮೇಲೆಯೇ. ಸೋಮಣ್ಣ ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕೆಳಗಿಳಿದು ಆ ಕಾಗದವನ್ನು ದೊಡ್ಡಪ್ಪನ ಕೈಗಿಟ್ಟೆ. ಅದರಲ್ಲಿನ ಇಂಗ್ಲಿಷು ಅವರಿಗೆ ಬರದು. ಮಾರುಕಟ್ಟೆಯಲ್ಲಿ ಗೂಡನ್ನು ಹೆಬ್ಬೆರಳಿನಲ್ಲಿ ಒತ್ತಿ ಗಟ್ಟಿ ನೋಡುವಂತೆ ಮೊಹರನ್ನು ಒತ್ತಿ ನೋಡಿದರು. ನನ್ನ ಕಡೆ ತಿರುಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರಿಗೆ ಹೇಳಿದರು:

"ಸಾಹೇಬ್ರೇ, ನಾಕ್ನೇ ಜ್ವರ ಎದ್ದಿರೋ ಹುಳ ಇದು. ಇನ್ಮೇಲೆ ನೀವು ಎಷ್ಟು ಸೊಪ್ಪು ಹಾಕುದ್ರೂ ಸಾಲಾಕಿಲ್ಲ, ನೋಡ್ಕಳಿ."