ಕಂಡದ್ದನ್ನು ಬರೆದ ಹುಡುಗಿ

ಮಾಸ್ತರನಾಗಬೇಕೆಂದು ಯಾವಾಗ ಅನ್ನಿಸಿತು ಎಂದು ಕೇಳಿದವರಿಗೆ ನಾನು ಒಂದು ಮಧ್ಯಾಹ್ನದ ಕಥೆ ಹೇಳುತ್ತೇನೆ. ಹೇಳಿ ಹೇಳಿ ಅದು ನುಣುಪಾಗಿದೆ. ಅದಕ್ಕೇ ನನಗೆ ಅದರ ಮೇಲೆ ಸ್ವಲ್ಪ ಅನುಮಾನ.

ಎಪ್ಪತ್ತರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ನಾವೆಲ್ಲ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇಣುಕಿ, ಪುಸ್ತಕದ ಚಿತ್ರವನ್ನೇ ಜರ್ನಲ್ಲಿಗೆ ಇಳಿಸುತ್ತಿದ್ದೆವು. ಅಂಕ ಬರುತ್ತಿತ್ತು. ಗಿಡದ ಕಾಂಡದೊಳಗೆ ಏನಿದೆ ಎಂದು ನಾನು ಕಣ್ಣಿಟ್ಟು ನೋಡಿದ್ದು ಧಾರವಾಡದಲ್ಲಿ ಎಂ.ಎಸ್ಸಿ.ಗೆ ಹೋದ ಮೇಲೆಯೇ. ಅದು ಮುಗಿದಾಗ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತು. ಸೋಮವಾರ ಹಾಜರಾಗಬೇಕಿತ್ತು. ಅಪ್ಪ ಬೆಳಗಾವಿಯ ಶಹಾಪುರದ ನಮ್ಮ ಓಣಿಗೆಲ್ಲ ಕುಂದಾ ಸಿಹಿ ಹಂಚಿದ್ದರು. ಖಾನಾಪುರದ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸವೊಂದಿದೆ ಎಂದು ನನ್ನ ಹಳೆಯ ಪ್ರಾಧ್ಯಾಪಕರು ಹೇಳಿದ್ದನ್ನು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ಆ ವಾರ ಅವರು ಬೆಳಗಾವಿಯ ನನ್ನ ಹಳೆಯ ಕಾಲೇಜಿಗೆ ಮತ್ತೆ ಕರೆದರು. ಪ್ರಾಕ್ಟಿಕಲ್ ನೋಡಿಕೊಳ್ಳುವವರು ರಜೆಯಲ್ಲಿದ್ದಾರೆ, ಒಂದು ಮಧ್ಯಾಹ್ನ ನಿಲ್ಲು ಎಂದರು. ನಾನು ಹುಡುಗರ ಪುಸ್ತಕ ಮುಚ್ಚಿಸಿ, ಸೂಕ್ಷ್ಮದರ್ಶಕದ ಕೆಳಗಿನ ಕಾಂಡದ ತುಣುಕಿನಲ್ಲಿ ಕಂಡದ್ದನ್ನಷ್ಟೇ ಬರೆಯಲು ಹೇಳಿದೆ. ಆದರೂ ಹೆಚ್ಚಿನವರು ಬಾಯಿಪಾಠದ ಚಿತ್ರವನ್ನೇ ಬರೆದರು. ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ದಪ್ಪ ಕಪ್ಪು ಅಂಚಿನ ಒಂದು ದುಂಡು ಬರೆದು, ಒಳಗೆ ನೆರಳು ತುಂಬುತ್ತಿದ್ದಳು.

“ಸರ್, ಇಕಿ ಬಳಿ ಬರದಾಳ್ರಿ,” ಎಂದಳು ಬಾಜೂದವಳು. ಬಳೆಯ ಮಾತಿಗೆ ಎಲ್ಲರೂ ನಕ್ಕರು. ನಾನು ನಗಲಿಲ್ಲವೆಂದು ನೆನಪು. ಆದರೆ ತಮ್ಮ ತಮ್ಮ ನೆನಪಿನಲ್ಲಿ ಎಲ್ಲರೂ ಒಳ್ಳೆಯವರೇ.

“ಕಂಡಿದ್ದ ಬರದೀನ್ರಿ. ಖರೇನ ಹಿಂಗ ಐತ್ರಿ,” ಎಂದಳು ಆಕೆ, ತಲೆ ಎತ್ತದೆ.

ಇಣುಕಿದೆ. ಗಾಳಿಗುಳ್ಳೆ. ಅಂಚಿನ ಬೆಳಕನ್ನೂ ಬಿಡದೆ ಬರೆದಿದ್ದಳು.

“ಚಿತ್ರ ಬರೋಬರಿ ಐತವಾ. ಆದ್ರ ಅದು ಬರೇ ಗಾಳಿ. ಮ್ಯಾಲಿನ ಗಾಜು ಸೂಜಿಲೆ ಸ್ವಲ್ಪ ಒತ್ತು.”

ಒತ್ತಿದಳು. ಗುಳ್ಳೆ ಸರಿಯಿತು. ಬಹಳ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ.

“ಸರ್, ಇಲ್ಲೆ ಖೋಲಿ ಖೋಲಿ ಅದಾವ್ರಿ. ಒಂದಕ್ಕೊಂದು ಹತ್ತಿ.”

ಆ ಕೋಣೆಗಳಂಥ ಜೀವಕೋಶಗಳನ್ನು ಧಾರವಾಡದಲ್ಲಿ ಮೊದಲು ಕಂಡಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಇದು ಆಮೇಲೆ ಸೇರಿಸಿದ ಮಾತೋ ಏನೋ. ಆದರೆ ಅಂದು ಸಂಜೆ ಪ್ರಾಧ್ಯಾಪಕರ ಬಳಿ ಹೋಗಿ, ಖಾನಾಪುರದ ಕೆಲಸ ಇನ್ನೂ ಇದೆಯೇ ಎಂದು ಕೇಳಿದ್ದಂತೂ ನಿಜ. ಇದೆ, ಸೋಮವಾರವೇ ಸೇರಬಹುದು ಎಂದರು.

ಮನೆಯಲ್ಲಿ ಹೇಳಿದಾಗ ಅಪ್ಪ ಮಗ್ಗ ನಿಲ್ಲಿಸಿದರು.

“ಬ್ಯಾಂಕ್ ಬಿಟ್ಟು ಮಾಸ್ತರಕಿ? ಕಾಯಂ ಐತೇನು?”

“ಇಲ್ರಿ. ಒಂದ ವರ್ಷ.”

“ಓಣಿ ತುಂಬ ಕುಂದಾ ಹಂಚೀನಲ್ಲೋ.”

“ತಿಂದವ್ರು ವಾಪಸ್ ಕೊಡಂಗಿಲ್ಲ ಬಿಡ್ರಿ.”

ಅಪ್ಪ ನಕ್ಕರೆಂದು ನನ್ನ ನೆನಪು. ನಗಲಿಲ್ಲ, ಸೋಮವಾರದ ತನಕ ಮಾತೇ ಆಡಲಿಲ್ಲ ಎನ್ನುತ್ತಿದ್ದಳು ಅವ್ವ. ಅವಳದೇ ಸರಿಯಿರಬೇಕು. ಸೋಮವಾರ ಬೆಳಿಗ್ಗೆ ಮಾತ್ರ ಅಪ್ಪ ತಾವಾಗಿಯೇ ಸೈಕಲ್ ತೆಗೆದು ನನ್ನನ್ನು ಸ್ಟೇಶನ್ನಿಗೆ ಬಿಟ್ಟರು. ಖಾನಾಪುರದ ರೈಲು ದೇಸೂರ ದಾಟುವ ಹೊತ್ತಿಗೆ ನಾನು ಮೊದಲ ಪಾಠವನ್ನು ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದೆ. ಎದುರಿಗೆ ಕುಳಿತವರು ಎದ್ದು ಬೇರೆ ಕಡೆ ಹೋದರು.