ಸಾಹೇಬರ ಜೀಪು ಕುಲುಕದ ದಾರಿ

ಇನ್ನೂ ಮಬ್ಬುಗತ್ತಲೆ. ಭಾತಂಬ್ರಾ ಕಡೆಯಿಂದ ಔರಾದ ಸೀಮೆಗೆ ಹೋಗುವ ಗಾಡಿದಾರಿ ಮಾಂಜ್ರಾ ಹೊಳೆಗೆ ಇಳಿಯುವಲ್ಲಿ ದಿಮ್ಮಸಿನ ಸದ್ದು ಕೇಳುತ್ತಿದೆ. ನೆಲ ಗಟ್ಟಿಸುವ ಆ ದಿಮ್ಮಸನ್ನು ಎತ್ತಿ ಕುಕ್ಕುತ್ತಿರುವವರು ಸುಭದ್ರಾಬಾಯಿ. ಕಚ್ಚೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಸರಿದ್ದಲ್ಲಿ ತೊಗರಿ ಕಟ್ಟಿಗೆ ಹಾಸಿ, ಅದರ ಮೇಲೆ ಮುರುಮು ಎಂಬ ಗರಸು ಮಣ್ಣು ಸುರಿದು ಬಡಿಯುತ್ತಾರೆ. ಆಮೇಲೆ ಬರಿಗಾಲಲ್ಲಿ ನಡೆದು ನೋಡುತ್ತಾರೆ. ಅಂಗಾಲು ಒಪ್ಪದ ಕಡೆ ಮತ್ತೊಂದು ಬುಟ್ಟಿ ಮುರುಮು ಬೀಳುತ್ತದೆ. ಇವತ್ತು ಧೂಳೇಳದಂತೆ ನೀರನ್ನೂ ಚಿಮುಕಿಸಬೇಕು. ಹೊಸದಾಗಿ ಆರಿಸಿ ಬಂದ ಶಾಸಕರು ಈ ದಾರಿಯಲ್ಲಿ ಬರುವವರಿದ್ದಾರೆ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಸರ್ಕಾರ ಬದಲಾಗಿದೆ, ಕಚೇರಿಯ ಬೋರ್ಡು ಬದಲಾಗಿದೆ, ಸುಭದ್ರಾಬಾಯಿಯ ಬುಟ್ಟಿ ಮಾತ್ರ ಹಳೆಯದೇ. ನಿಜಾಮರ ಕಾಲದಲ್ಲಿ ಗಂಡನ ಜೊತೆ ಈ ಕೆಲಸಕ್ಕೆ ಬಂದವರು, ಗಂಡ ತೀರಿಕೊಂಡ ಮೇಲೂ ಬಿಡಲಿಲ್ಲ. ದಿನಕ್ಕೆ ಎಷ್ಟು ಬುಟ್ಟಿ ಹೊರುತ್ತೀರಿ ಎಂದು ಕೇಳಿದರೆ ನಗುತ್ತಾರೆ. "ಎಣಿಸಿದ್ರ ಸ್ವಂಟ ನೋಯ್ತದರಿ. ಅದಕ್ಕ ಎಣಸಂಗಿಲ್ಲ."

ಇಲ್ಲೊಂದು ಸೇತುವೆ ಬೇಕೆಂದು ಎರಡೂ ದಂಡೆಯ ಜನ ಕೇಳದ ಸಾಹೇಬರಿಲ್ಲ. ಸಾಹೇಬರು ಬರುವುದೂ ಸುಳ್ಳಲ್ಲ. ಆದರೆ ಬರುವುದು ಚಳಿಗಾಲದಲ್ಲಿ, ಇಲ್ಲವೇ ಬೇಸಿಗೆಯಲ್ಲಿ. ಹೊಳೆಯಲ್ಲಿ ಮೊಣಕಾಲುದ್ದ ನೀರಿರುವಾಗ. ಅವರು ಬರುವ ಸುದ್ದಿ ತಿಳಿದರೆ ಊರಿಗೆ ಎಲ್ಲಿಲ್ಲದ ಸಡಗರ. ಬಂದ ಅತಿಥಿಗೆ ತ್ರಾಸಾಗಬಾರದಲ್ಲ! ಸುಭದ್ರಾಬಾಯಿಯನ್ನು ಕರೆಸಿ ದಾರಿಯನ್ನು ಸಾರಿಸಿದ ಅಂಗಳದಷ್ಟು ನುಣ್ಣಗೆ ಮಾಡಿಸುತ್ತಾರೆ. ಸಾಹೇಬರು ಕೂತಲ್ಲಿಂದ ಅಲುಗದೆ ಹೊಳೆ ದಾಟಿ, ಶಾಬಾಸ್ ಎಂದು ಹೊರಟುಹೋಗುತ್ತಾರೆ. ಇಷ್ಟು ಚೊಕ್ಕ ದಾರಿ ಇರುವಾಗ ಸೇತುವೆಗೆ ಅವಸರವೇನು ಎಂದು ಅವರು ಮೇಲಿನವರಿಗೆ ಹೇಳುತ್ತಾ ಬಂದಿದ್ದಾರೆಂಬುದು ರಸ್ತೆ ಮೇಸ್ತ್ರಿ ಫಕ್ರೋದ್ದೀನರಿಗೆ ಗೊತ್ತಾದದ್ದು ತೀರಾ ತಡವಾಗಿ. ಇಂಥ ತಪ್ಪು ಮಾಡಲೂ ನಮ್ಮ ಸೀಮೆಯವರೇ ಬೇಕು!

"ಎಲ್ಲಾರೂ ಶಾಬಾಸ್ ಅಂತಾರಂತ ನಾ ಹಿಗ್ತಿದ್ದೆರಿ," ಎನ್ನುತ್ತಾರೆ ಸುಭದ್ರಾಬಾಯಿ. "ನನ್ನ ಕೆಲಸನೇ ನಮ್ಮ ಪೂಲಿಗಿ ಅಡ್ಡ ನಿಂತದಂತ ಯಾರಿಗಿ ಗೊತ್ತಿತ್ತು?" ಸೇತುವೆಗೆ ಇಲ್ಲಿ ಎಲ್ಲರೂ ಪೂಲು ಎಂದೇ ಹೇಳುವುದು.

ಅವರ ಮನೆ ಹೊಳೆಯಾಚೆ, ದವಾಖಾನೆ ಭಾಲ್ಕಿಯಲ್ಲಿ. ಹೋದ ಶ್ರಾವಣದಲ್ಲಿ ಸೊಸೆ ಶಾಲುಬಾಯಿಗೆ ಹೆರಿಗೆ ಕಷ್ಟವಾಗಿ ಗಾಡಿ ಕಟ್ಟಿದರು. ಹೊಳೆ ದಂಡೆ ಮೀರಿ ಹರಿಯುತ್ತಿತ್ತು. ಮಳೆಗಾಲದಲ್ಲಿ ಜನರನ್ನು ಕೂರಿಸಿ ದಾಟಿಸುವ ಬೆಲ್ಲ ಕಾಯಿಸುವ ದೊಡ್ಡ ಕಡಾಯಿಯನ್ನೂ ನೀರಿಗೆ ಇಳಿಸಲಾಗದಷ್ಟು ಸೆಳವು. ಹೆರಿಗೆ ದಂಡೆಯ ಮೇಲೇ ಆಯಿತು. ಸೊಸೆ ಬದುಕಿದಳು, ಕೂಸು ಉಳಿಯಲಿಲ್ಲ.

ಶಾಲುಬಾಯಿ ಈಗ ಮತ್ತೆ ಬಸುರಿ. "ಈ ಸಲ ಮಳಿ ಬೀಳೂದರೊಳಗ ಆಕಿಗಿ ಭಾಲ್ಕಿಗಿ ಒಯ್ದು ಬಿಡ್ತೇವ್ರಿ," ಎನ್ನುತ್ತಾರೆ ಅತ್ತೆ. "ಆದ್ರ ಊರಾಗಿನ ಉಳಿದ ಹೆಣ್ಮಕ್ಕಳಿಗಿ ಎಲ್ಲಿ ಒಯ್ಯಾದು?"

ಇಷ್ಟೆಲ್ಲ ಗೊತ್ತಿದ್ದೂ ಇವತ್ತು ಮತ್ತೆ ದಾರಿ ನುಣ್ಣಗೆ ಮಾಡುವುದು ಯಾಕೆ? ಕೇಳದೆ ಇರಲಾಗುವುದಿಲ್ಲ.

"ಮೇಸ್ತ್ರಿ ಸಾಬರ ಹುಕುಂ ಅದರಿ, ಅವ್ರಿಗಿ ಮ್ಯಾಲಿನವ್ರ ಹುಕುಂ. ಮತ್ತ ಈ ದಾರಿ ಮ್ಯಾಲ ಸಾಹೇಬರಷ್ಟೇ ಬರ್ತಾರೇನು? ಬಾಣಂತೇರು ಬರ್ತಾರ, ಜ್ವಾಳದ ಗಾಡಿ ಬರ್ತಾವ. ಬೇಕಂತ ತಗ್ಗು ಬಿಡ್ಲಾಕ ಮನಸ್ಸು ಒಪ್ಪಂಗಿಲ್ರಿ."

ಬಿಸಿಲೇರುವ ಹೊತ್ತಿಗೆ ಜೀಪು ಬರುತ್ತದೆ. ಎಲ್ಲಿಯೂ ಕುಲುಕದೆ ಹೊಳೆಗೆ ಇಳಿದು ಆಚೆ ಏರಿ ನಿಲ್ಲುತ್ತದೆ. "ದಾರಿ ಭಾಳ ಚಲೋ ಇಟ್ಟೀರಿ," ಎನ್ನುತ್ತಾರೆ ಶಾಸಕರು. ಫಕ್ರೋದ್ದೀನರ ಮುಖ ಸಪ್ಪಗಾಗುತ್ತದೆ. ಬುಟ್ಟಿ ಕೆಳಗಿಟ್ಟು ಸುಭದ್ರಾಬಾಯಿ ಮುಂದೆ ಬರುತ್ತಾರೆ.

"ಸಾಹೇಬರ, ಪೂಲಿನ ರೊಕ್ಕ ಯಾರು ಕೊಡಬೇಕ್ರಿ?"

"ತೊಡಕು ಅಲ್ಲೇ ಅದ ನೋಡ್ರಿ ಬಾಯಿ. ಹೈದರಾಬಾದ ಸರ್ಕಾರ ಹ್ಞೂಂ ಅಂದಿತ್ತು. ಆ ರಾಜ್ಯನೇ ಮೂರು ಪಾಲಾಗಿ ಹೋಯ್ತು. ಅವರು ಒಪ್ಪಿದ ಕೆಲಸಕ್ಕ ನಾವ್ಯಾಕ ಕೊಡಬೇಕಂತ ಬೆಂಗಳೂರಾಗ ಕೇಳ್ತಾರ. ಬೀದರ ಕಚೇರಿಯವರು ಬೆಂಗಳೂರಿಗಿ ಕೇಳ್ರಿ ಅಂತಾರ."

"ಅವ್ರಿಗಿ ನಾವು ಕಂಡಿಲ್ರಿ. ಓಟು ಹಾಕಿದ್ದು ನಿಮಗ. ನಾವು ಮತ್ಯಾರಿಗಿ ಕೇಳಬೇಕ್ರಿ?"

ಶಾಸಕರು ಕನ್ನಡಕ ತೆಗೆದು ಒರೆಸುತ್ತಾರೆ. "ನನಗೇ ಕೇಳಬೇಕು," ಎಂದು ಒಪ್ಪಿಕೊಳ್ಳುತ್ತಾರೆ ಕೊನೆಗೆ.

"ಹಂಗಾದ್ರ ಶ್ರಾವಣದಾಗ ಒಮ್ಮಿ ಬರ್ರಿ. ಆಗ ದಾಟಿ ನೋಡ್ರಿ."

ಬರುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟು ಹೋಗಿದ್ದಾರೆ. ಬರುತ್ತಾರೋ ಇಲ್ಲವೋ ಎಂಬ ಕುತೂಹಲ ಈಗ ಎರಡೂ ದಂಡೆಯವರಿಗಿದೆ.

ಜೀಪಿನ ಗಾಲಿ ಕಿತ್ತ ಮುರುಮನ್ನು ಮತ್ತೆ ಬಡಿಯುತ್ತಾ ಸುಭದ್ರಾಬಾಯಿ, ಪೇಪರಿನಲ್ಲಿ ತಮ್ಮ ಬಗ್ಗೆ ಏನು ಬರುತ್ತದೆ ಎಂದು ವಿಚಾರಿಸುತ್ತಾರೆ. ನೀವು ದಾರಿಯನ್ನು ಎಷ್ಟು ಚೆನ್ನಾಗಿ ಇಡುತ್ತೀರಿ ಎಂಬುದೇ ಬರುತ್ತದೆ ಎಂದದ್ದೇ ತಡ, ದಿಮ್ಮಸು ನಿಲ್ಲುತ್ತದೆ.

"ಬ್ಯಾಡ್ರಿ ಅಣ್ಣ, ಹಾಂಗ ಬರೀಬ್ಯಾಡ್ರಿ!" ಗಾಬರಿಯಿಂದ ಕೈ ಮುಗಿಯುತ್ತಾರೆ. "ಬೆಂಗಳೂರಿನವ್ರು ಅದು ಓದಿದ್ರ ಪೂಲು ಮತ್ತ ಹಿಂದ ಬೀಳ್ತದ. ಮಳಿ ಬಂದ್ರ ಸುಭದ್ರಾಬಾಯಿ ದಾರಿ ಒಂದು ದಿನಾನೂ ನಿಲ್ಲಂಗಿಲ್ಲ ಅಂತ ಬರೀರಿ. ಅದೂ ಖರೇನೇ ಅದ."