ಲಾಗ್ ನೋಡುತ್ತಿದ್ದ ಅಕ್ಕಾರು

2003ರಲ್ಲಿ ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ದುಡಿದು ದುಡಿದು ಬೀಜದ ಕಂಪನಿಯಲ್ಲಿ ಹೊಲ ನೋಡುವ ಸುಪರ್‌ವೈಸರ್ ಆದೆ. ಕಂಪನಿ ನಮ್ಮ ಫೋನಿಗೆ ಎಐ ಹಾಕಿಕೊಟ್ಟಿತು. ಬೆಳೆಯ ರೋಗ, ಔಷಧಿ ಏನೇ ಇರಲಿ, ಬಾಯಿಂದ ಕೇಳಿದರೆ ಹೇಳುತ್ತಿತ್ತು. ಯಾರು ಏನು ಕೇಳಿದರು, ಅದಕ್ಕೆ ಕಂಪನಿಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು, ಅಂದರೆ ಲಾಗನ್ನು, ಸವಣೂರಿನ ಆಫೀಸಿನಲ್ಲಿ ನೋಡುತ್ತಿದ್ದವರು ಒಬ್ಬ ಹೆಣ್ಣುಮಗಳು. ನಾವು ಅವರನ್ನು ಅಕ್ಕಾರ ಎನ್ನುತ್ತಿದ್ದೆವು. ಪರದೆಗೆ ಮೂಗು ತಾಗುವಷ್ಟು ಬಾಗಿ, ಪೆನ್ನಿನ ಟೋಪಿ ಆಡಿಸುತ್ತ ಸಾಲು ಸಾಲು ಓದುತ್ತಿದ್ದರು. ಯಾರು ಯಾರ ಮೇಲೆ ದೂರಿದರೂ ಒಂದೇ ಮಾತು: “ಮೊದಲ ನೋಡೂಣು, ಆಮ್ಯಾಲ ಬಯ್ಯೂಣು.”

ಒಂದು ತಿಂಗಳು ನನ್ನ ಖರ್ಚೇ ಎಲ್ಲರಿಗಿಂತ ಜಾಸ್ತಿ ಬಂತು.

“ಇಂವಾ ಹರಟಿ ಹೊಡ್ಯಾಕತ್ತಾನ, ಬಂದ್ ಮಾಡ್ರಿ,” ಎಂದು ನನ್ನೆದುರೇ ಅಕ್ಕಾರಿಗೆ ಹೇಳಿದರು ಮ್ಯಾನೇಜರ್.

ಫೋನಿನ ಎಐ ಬಂದಾದರೆ ಹೊಲದಲ್ಲಿ ನಿಂತು ರೈತರಿಗೆ ಉತ್ತರ ಕೊಡುವ ಕೆಲಸವೇ ಹೋದಂತೆ.

ಅಕ್ಕಾರು ಲಾಗ್ ತೆರೆದರು. ಬಹಳ ಹೊತ್ತು ನೋಡಿ ನಕ್ಕರು.

“ಅಣ್ಣಾರ, ಎಐ ಜೋಡಿ ಮುಂಗಾರಿಂದ ಒಂದ ಮಾತು ನಡಸೀರಲ್ರಿ. ಹೊಸಾದು ತೆರದೇ ಇಲ್ಲ.”

“ನಡುವ ಮಾತು ಕಡದು ಎದ್ದು ಹೋಗೂದು ನಮ್ಮ ಕಡೆ ರೀತಿ ಅಲ್ರಿ ಅಕ್ಕಾರ.”

“ಖರೇ. ಆದ್ರ ನೀವು ಮಾಸೂರಿನ ಬದನಿಕಾಯಿ ಕೇಳಿದ್ರ, ಅದು ಮುಂಗಾರಿನ್ಯಾಗ ಕೇಳಿದ ತಡಸದ ಗೋವಿನಜೋಳದಿಂದ ಹಿಡದು ಎಲ್ಲಾ ತಿರಗಾ ಓದತೈತ್ರಿ, ಓದಿದಷ್ಟೂ ರೊಕ್ಕ. ಖರ್ಚು ಅಲ್ಲೇ ಐತಿ.” ಆಮೇಲೆ ಮ್ಯಾನೇಜರ್ ಕಡೆ ತಿರುಗಿದರು. “ಹರಟಿ ಒಂದೂ ಇಲ್ರಿ ಸಾಹೇಬ್ರ. ಎಲ್ಲಾ ಬೆಳೀ ಮಾತ.”

ಅಂದಿನಿಂದ ಹೊಲಕ್ಕೊಂದು ಹೊಸ ಮಾತು ತೆರೆದೆ. ಖರ್ಚು ಇಳಿಯಿತು. ಮುಂದೆ ಅಕ್ಕಾರಿಗೆ ಬೇರೆ ಊರಿಗೆ ವರ್ಗವಾಯಿತು.

ಈಗ ನನ್ನ ಬಳಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಹೀಗೆ ನಾಲ್ಕು ತಾಲೂಕು, ಒಂದು ಬೈಕು, ಅದೇ ಫೋನು, ಕೈಕೆಳಗೆ ಮೂರು ಮಂದಿ, ಅವರ ಮೇಲೆ ದೂರು ಬಂದಾಗ ಹೇಳಲು ಅಕ್ಕಾರ ಆ ಒಂದೇ ಮಾತು.